ಬಾಗಿಲ ಬಳಿ ನಿಂತವನ ಬೇಸಿಗೆ

ನಮ್ಮ ಮೆಥೋಡಿಸ್ಟ್ ಕ್ರೈಸ್ತ ಸಭೆಯಲ್ಲಿ ಸ್ಟೀವರ್ಡ್ ಆಗಿ ನನಗೆ ವಹಿಸಿರುವ ಕೆಲಸ ದೊಡ್ಡದೇನೂ ಅಲ್ಲ. ಭಾನುವಾರದ ಆರಾಧನೆಗೆ ಅರ್ಧ ಗಂಟೆ ಮುಂಚೆ ಬಂದು ಬಾಗಿಲು ತೆರೆಯುವುದು, ಬಂದವರ ಕೈಗೆ ಗೀತೆಗಳ ಪುಸ್ತಕ ಕೊಡುವುದು, ಕಾಣಿಕೆಯ ತಟ್ಟೆಗಳನ್ನು ಸಿದ್ಧವಾಗಿಡುವುದು, ಕೊನೆಗೆ ಎಷ್ಟು ಜನ ಬಂದಿದ್ದರೆಂದು ಎಣಿಸಿ ಹಾಜರಿ ಪುಸ್ತಕದಲ್ಲಿ ಬರೆಯುವುದು. ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಈ ಎಣಿಕೆ ಯಾರ ಗಮನಕ್ಕೂ ಬೀಳುವುದಿಲ್ಲ. ಬೇಸಿಗೆ ರಜೆ ಆರಂಭವಾಯಿತೆಂದರೆ ಮಾತ್ರ ಆ ಪುಸ್ತಕವನ್ನು ತೆರೆದು ನೋಡುವವರು ಹೆಚ್ಚುತ್ತಾರೆ, ಏಕೆಂದರೆ ಅದರೊಳಗಿನ ಅಂಕಿ ಆಗ ಕುಗ್ಗುತ್ತಾ ಹೋಗುತ್ತದೆ.

ಪಂಚಾಶತ್ತಮ ದಿನದ (ಪೆಂಟೆಕೋಸ್ಟ್) ಹಬ್ಬಕ್ಕೆ ಹಾಸಿದ ಕೆಂಪು ವಸ್ತ್ರವನ್ನು ತೆಗೆದು, ತ್ರಯೈಕ್ಯ ಭಾನುವಾರದ ಬಿಳಿಯನ್ನೂ ಮಡಿಸಿಟ್ಟು, ವೇದಿಕೆಗೆ ಹಸಿರು ಹಾಸಿದ ಮೇಲೆ ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದವರೆಗೆ ಬಣ್ಣ ಬದಲಾಯಿಸುವ ಸಂದರ್ಭ ಬಹುಮಟ್ಟಿಗೆ ಬರುವುದಿಲ್ಲ. ಸಭೆಯ ವರ್ಷದಲ್ಲಿ ಇದೇ ಅತಿ ಉದ್ದದ ಕಾಲ. ಹಬ್ಬಗಳಿಲ್ಲದ, ಹೆಸರೂ ಸಾಧಾರಣವಾಗಿರುವ ಕಾಲ. ಗಾಯನ ವೃಂದ ವಿಶ್ರಾಂತಿಗೆ ಹೋಗುತ್ತದೆ. ಎರಡು ಆರಾಧನೆಗಳಿದ್ದ ಕಡೆ ಎರಡನ್ನೂ ಸೇರಿಸಿ ಒಂದು ಮಾಡುತ್ತಾರೆ. ಸಮಿತಿಗಳು ಸೇರುವುದಿಲ್ಲ, ಮತ್ತು ಅದರಿಂದ ಯಾರಿಗೂ ನಷ್ಟವಾದದ್ದನ್ನು ನಾನು ಕಂಡಿಲ್ಲ. ಈ ಎಲ್ಲದರ ನಡುವೆ ಸಭೆಯ ಹಿರಿಯರು ಬೇಸಿಗೆಯನ್ನು ಕುರಿತು ಮಾತನಾಡುವಾಗ ಅವರ ದನಿಯಲ್ಲಿ ಕ್ಷಮೆ ಕೇಳುವಂಥ ಒಂದು ಎಳೆ ಸೇರಿರುತ್ತದೆ. ಹೊಸಬರು ಬಂದರೆ, "ಈಗ ರಜೆಯ ಕಾಲ, ಇನ್ನೆರಡು ತಿಂಗಳು ಕಳೆದ ಮೇಲೆ ಬಂದು ನೋಡಿ" ಎಂದು ಅವರಿಗೆ ಹೇಳುವುದನ್ನು ನಾನೇ ಕೇಳಿದ್ದೇನೆ. ಹಲವು ವರ್ಷ ನಾನೂ ಹಾಗೆಯೇ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಅದಕ್ಕೆ ಕಾರಣವೇನೆಂದು ಇಲ್ಲಿ ಬರೆಯಬೇಕೆನಿಸಿತು.

ಮೆಥೋಡಿಸ್ಟ್ ಚಳವಳಿ ಹುಟ್ಟಿದ ಬಗೆಯನ್ನು ನೆನೆದರೆ ನಮ್ಮ ಈ ಸಂಕೋಚಕ್ಕೆ ಹೆಚ್ಚು ಆಧಾರ ಉಳಿಯುವುದಿಲ್ಲ. ಆ ಚಳವಳಿಯನ್ನು ಆರಂಭಿಸಿದ ಜಾನ್ ವೆಸ್ಲಿ 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯಲ್ಲಿ ನಡೆದ ಒಂದು ಚಿಕ್ಕ ಕೂಟಕ್ಕೆ ಮನಸ್ಸಿಲ್ಲದೆಯೇ ಹೋಗಿದ್ದರು. ಬೈಬಲಿನಲ್ಲಿರುವ, ರೋಮಾಪುರದವರಿಗೆ ಬರೆದ ಪತ್ರಿಕೆಗೆ ಸುಧಾರಕ ಲೂಥರ್ ಬರೆದ ಮುನ್ನುಡಿಯನ್ನು ಅಲ್ಲಿ ಯಾರೋ ಓದುತ್ತಿದ್ದಾಗ, ಒಂಬತ್ತಕ್ಕೆ ಕಾಲು ಗಂಟೆಯಿರುವಂತೆ ತಮ್ಮ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತೆಂದು ಅವರು ದಿನಚರಿಯಲ್ಲಿ ಬರೆದುಕೊಂಡರು. (ಪ್ರತಿ ವರ್ಷ ಮೇ ಕೊನೆಯ ಭಾನುವಾರ ಯಾರಾದರೊಬ್ಬ ಬೋಧಕರು ಈ ಬೆಚ್ಚಗಿನ ಹೃದಯವನ್ನೂ ಸಭಾಮಂದಿರದ ಸೆಕೆಯನ್ನೂ ಸೇರಿಸಿ ಒಂದು ಹಾಸ್ಯ ಮಾಡುತ್ತಾರೆ, ನಾವು ಪ್ರತಿ ವರ್ಷವೂ ನಗುತ್ತೇವೆ.) ಮರುವರ್ಷ, 1739ರ ಏಪ್ರಿಲ್ 2ರಂದು, ಗೆಳೆಯ ಬೋಧಕ ಜಾರ್ಜ್ ವೈಟ್‌ಫೀಲ್ಡ್ ಅವರ ಒತ್ತಾಯಕ್ಕೆ ಮಣಿದು ವೆಸ್ಲಿ ಬ್ರಿಸ್ಟಲ್ ನಗರದ ಹೊರಗೆ ಬಯಲಿನಲ್ಲಿ ನಿಂತು ಬೋಧಿಸಿದರು. ಗೋಡೆಗಳ ಹೊರಗೆ ಆತ್ಮಗಳ ರಕ್ಷಣೆಯ ಮಾತಾಡುವುದು ಪಾಪವೇ ಇರಬಹುದೆಂದು ಅದುವರೆಗೆ ನಂಬಿದ್ದ, ಎಲ್ಲದರಲ್ಲೂ ಶಿಸ್ತನ್ನು ಬಯಸುತ್ತಿದ್ದ ಮನುಷ್ಯ ಅವರು. ಅಂದು ತಾವು ಇನ್ನಷ್ಟು ಹೀನರಾಗಲು ಒಪ್ಪಿಕೊಂಡೆವೆಂಬ ಅರ್ಥದ ಮಾತನ್ನು ಅವರೇ ಬರೆದಿಟ್ಟಿದ್ದಾರೆ.

ನನಗೆ ಅದಕ್ಕಿಂತಲೂ ಇಷ್ಟವಾದ ಪ್ರಸಂಗ 1742ರ ಜೂನ್ ತಿಂಗಳಿನದು. ತಾವು ಹುಟ್ಟಿದ, ತಂದೆ ಗುರುಗಳಾಗಿ ಸೇವೆ ಸಲ್ಲಿಸಿದ್ದ ಎಪ್‌ವರ್ತ್‌ಗೆ ವೆಸ್ಲಿ ಹೋದಾಗ ಅಲ್ಲಿದ್ದ ಕಿರಿಯ ಗುರು ಅವರಿಗೆ ಪ್ರಸಂಗಪೀಠವನ್ನು ಕೊಡಲಿಲ್ಲ. ಅಂದು ಸಂಜೆ ವೆಸ್ಲಿ ದೇವಾಲಯದ ಅಂಗಳದಲ್ಲಿದ್ದ ತಂದೆಯ ಸಮಾಧಿಯ ಕಲ್ಲಿನ ಮೇಲೆ ನಿಂತು ಬೋಧಿಸಿದರು, ಮತ್ತು ಆ ವಾರ ಮತ್ತೆ ಮತ್ತೆ ಸಂಜೆ ಅದೇ ಕಲ್ಲಿನ ಮೇಲೆ ನಿಂತರು. ಒಳಗೆ ಜಾಗ ಕೊಡದೆ ಹೋದದ್ದರಿಂದಲೇ ಹೊರಗೆ ದೊಡ್ಡ ಸಭೆ ನೆರೆಯಿತು. ಜೂನ್ ತಿಂಗಳ ದೀರ್ಘ ಸಂಜೆಯ ಬೆಳಕಿಲ್ಲದಿದ್ದರೆ ಅಷ್ಟು ಜನ ಅಷ್ಟು ಹೊತ್ತು ನಿಲ್ಲುವುದು ಕಷ್ಟವಾಗುತ್ತಿತ್ತೆಂದು ನನಗೆ ಅನ್ನಿಸುತ್ತದೆ. ಇದು ಬಾಗಿಲು ದೀಪಗಳ ಉಸ್ತುವಾರಿಯವನೊಬ್ಬನ ಆಲೋಚನೆ, ಚರಿತ್ರೆಕಾರನದಲ್ಲ.

ಬಯಲಿನಲ್ಲಿ ಹುಟ್ಟಿದವರಿಗೇ ಮುಂದೆ ಬಯಲೆಂದರೆ ಭಯವಾಯಿತೆಂಬುದನ್ನೂ ಹೇಳಬೇಕು. 1807ರ ಮೇ 31ರಂದು ಇಂಗ್ಲೆಂಡಿನ ಮೌ ಕಾಪ್ ಎಂಬ ಬೆಟ್ಟದ ಮೇಲೆ ಹ್ಯೂ ಬೋರ್ನ್ ಮತ್ತು ಅವರ ಸಂಗಡಿಗರು ಇಡೀ ದಿನದ ಪ್ರಾರ್ಥನಾ ಕೂಟವೊಂದನ್ನು ನಡೆಸಿದರು. ಅಮೆರಿಕದಲ್ಲಿ ಆಗಲೇ ರೂಢಿಯಲ್ಲಿದ್ದ ಶಿಬಿರ ಕೂಟಗಳ ಮಾದರಿ ಅದು. ಅದೇ ವರ್ಷ ಮೆಥೋಡಿಸ್ಟರ ಆಡಳಿತ ನಡೆಸುತ್ತಿದ್ದ ವೆಸ್ಲಿಯನ್ ಮಹಾಸಭೆ ಇಂಥ ಕೂಟಗಳು ಅಮೆರಿಕದಲ್ಲಿ ಸಲ್ಲಬಹುದಾದರೂ ಇಂಗ್ಲೆಂಡಿನಲ್ಲಿ ತೀರ ಅನುಚಿತವೆಂದು ತೀರ್ಮಾನಿಸಿತು. ಮರುವರ್ಷ ಬೋರ್ನ್ ಅವರನ್ನು ಸದಸ್ಯತ್ವದಿಂದ ತೆಗೆದುಹಾಕಲಾಯಿತು. ಹಾಗೆ ಹೊರಬಿದ್ದವರೇ ಪ್ರಿಮಿಟಿವ್ ಮೆಥೋಡಿಸ್ಟರೆಂಬ ಬೇರೆ ಪಂಗಡವಾಗಿ ಬೆಳೆದರು, ಮತ್ತು ಆ ಒಡಕು ಅಲ್ಲಿ ಮುಚ್ಚಿಕೊಳ್ಳಲು 1932ರವರೆಗೆ ಕಾಯಬೇಕಾಯಿತು. ಕಟ್ಟಡ, ವೇಳಾಪಟ್ಟಿ, ಅಧಿಕಾರ ಇವೆಲ್ಲ ಕೈಗೆ ಬಂದ ಮೇಲೆ ಬಯಲು ಅಶಿಸ್ತಿನಂತೆ ಕಾಣಿಸತೊಡಗುವುದಕ್ಕೆ ಎರಡು ತಲೆಮಾರು ಸಾಕು.

ನಮ್ಮ ಸಭೆ ಬೇಸಿಗೆಯಲ್ಲಿ ಒಂದೆರಡು ಭಾನುವಾರ ಹೊರಗೆ ಮರದ ನೆರಳಿನಲ್ಲಿ ಆರಾಧಿಸುತ್ತದೆ. ಅದರ ಸಿದ್ಧತೆ ನನ್ನ ಪಾಲಿಗೆ ಬರುವುದರಿಂದ ಅದರ ಕಷ್ಟಗಳೂ ನನಗೆ ಚೆನ್ನಾಗಿ ತಿಳಿದಿವೆ. ಹಿಂದಿನ ಸಂಜೆ ಕುರ್ಚಿಗಳನ್ನು ಹಾಕಿದಾಗ ಇದ್ದ ನೆರಳು ಬೆಳಿಗ್ಗೆ ಅದೇ ಜಾಗದಲ್ಲಿ ಇರುವುದಿಲ್ಲವೆಂಬ ಸರಳ ಸಂಗತಿಯನ್ನು ಕಲಿಯಲು ನನಗೆ ಎರಡು ವರ್ಷ ಬೇಕಾಯಿತು. ಗಾಳಿಗೆ ಪುಟಗಳು ಮಗುಚಿಕೊಳ್ಳುತ್ತವೆ. ರೊಟ್ಟಿ ಪಾತ್ರೆಗಳ ಮೇಲೆ ಹಾಸಿದ ಬಟ್ಟೆಯ ನಾಲ್ಕೂ ಮೂಲೆಗೆ ಭಾರ ಇಡಬೇಕು. ಎಲ್ಲಕ್ಕಿಂತ ದೊಡ್ಡ ತೊಂದರೆ ಹಾಡಿನದು. ಒಳಗೆ ಗೋಡೆಗಳೂ ಆರ್ಗನ್ನೂ ನಮ್ಮ ದನಿಯನ್ನು ನಮಗೇ ದೊಡ್ಡದಾಗಿಸಿ ಹಿಂದಿರುಗಿಸುತ್ತವೆ, ಹೊರಗೆ ಹಾಡಿದ್ದು ಹಾಗೆಯೇ ಹೊರಟುಹೋಗುತ್ತದೆ. ಮೊದಲ ಚರಣದಲ್ಲಿ ಪ್ರತಿಯೊಬ್ಬರಿಗೂ ತಾವೊಬ್ಬರೇ ಹಾಡುತ್ತಿದ್ದೇವೇನೋ ಎಂಬ ಹೆದರಿಕೆ. 1761ರಲ್ಲಿ ವೆಸ್ಲಿ ಹಾಡುವವರಿಗೆ ಕೊಟ್ಟ ಸೂಚನೆಗಳಲ್ಲಿ, ಅರೆಜೀವವಾದವರಂತೆಯೋ ಅರೆನಿದ್ದೆಯಲ್ಲಿರುವವರಂತೆಯೋ ಹಾಡಬೇಡಿ, ಧೈರ್ಯದಿಂದ ದನಿಯೆತ್ತಿ ಎಂಬ ಒಂದು ಮಾತಿದೆ. ಅದರ ಜೊತೆಗೇ, ಉಳಿದವರಿಗಿಂತ ಎತ್ತರದಲ್ಲಿ ಕೇಳಿಸುವಂತೆ ಅರಚಬೇಡಿ, ತಾಳದಲ್ಲಿ ಮುಂದೆ ಓಡಬೇಡಿ, ಹಿಂದೆಯೂ ಉಳಿಯಬೇಡಿ ಎಂಬ ಎಚ್ಚರಿಕೆಯೂ ಇದೆ. ಗಾಯನ ವೃಂದವಿಲ್ಲದ, ವಾದ್ಯವಿಲ್ಲದ ಬೇಸಿಗೆಯ ಬೆಳಿಗ್ಗೆ ಈ ಸೂಚನೆಗಳ ಒಂದೊಂದು ಪದಕ್ಕೂ ಕೆಲಸವಿರುತ್ತದೆ. ಮೂರನೆಯ ಚರಣದ ಹೊತ್ತಿಗೆ ಸಾಮಾನ್ಯವಾಗಿ ದನಿಗಳು ಒಂದನ್ನೊಂದು ಹುಡುಕಿಕೊಂಡಿರುತ್ತವೆ. ಸಾವಿರಾರು ಗೀತೆಗಳನ್ನು ಬರೆದ, ಜಾನ್ ಅವರ ತಮ್ಮ ಚಾರ್ಲ್ಸ್ ವೆಸ್ಲಿ ಅವುಗಳಿಗೆ ಅಷ್ಟೊಂದು ಚರಣಗಳನ್ನು ಏಕೆ ಬರೆದರೆಂದು ನನಗೆ ಅರ್ಥವಾದದ್ದು ಹೊರಗೆ ಹಾಡಿದಾಗಲೇ.

ಮಕ್ಕಳ ರಜಾ ವೇದಶಾಲೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದು ಒಂದು ವಾರದ ಗದ್ದಲ, ಬಣ್ಣದ ಕಾಗದ ಮತ್ತು ಅಂಟು. ಹ್ಯಾನಾ ಬಾಲ್ ಎಂಬ ಮೆಥೋಡಿಸ್ಟ್ ಮಹಿಳೆ 1769ರಲ್ಲೇ ಹೈ ವಿಕೊಂಬ್‌ನಲ್ಲಿ ಭಾನುವಾರದ ಶಾಲೆ ನಡೆಸುತ್ತಿದ್ದರೆಂಬುದನ್ನು ನೆನೆದು ಅಂಟನ್ನು ಒರೆಸುತ್ತೇನೆ.

ಅದಕ್ಕೆ ನೂರು ವರ್ಷಗಳ ಬಳಿಕ, 1869ರಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ ಪ್ರಭು ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ) ಸ್ಟೀವರ್ಡ್ ಆಗಿದ್ದ ದಂತವೈದ್ಯ ಥಾಮಸ್ ವೆಲ್ಚ್ ಅವರು ದ್ರಾಕ್ಷಾರಸವನ್ನು ಬಿಸಿಮಾಡಿ, ಅದು ಹುಳಿತು ಮದ್ಯವಾಗದಂತೆ ಬಾಟಲಿಗಳಲ್ಲಿ ಉಳಿಸುವ ವಿಧಾನವನ್ನು ರೂಢಿಸಿದರು. ಮದ್ಯವನ್ನು ದೂರವಿಟ್ಟಿದ್ದ ಮೆಥೋಡಿಸ್ಟರಿಗೆ ಅದೊಂದು ಪರಿಹಾರವಾಯಿತು. ನನ್ನದೇ ಹುದ್ದೆಯ ಮನುಷ್ಯ ಎಂಬ ಕಾರಣಕ್ಕೆ ಅವರ ಮೇಲೆ ನನಗೆ ವಿಶೇಷ ಅಭಿಮಾನ. ಆದರೆ ತೆರೆದ ಬಾಟಲಿಯನ್ನು ಸೆಕೆಯಲ್ಲಿ ಮರೆತರೆ ಅವರ ವಿಧಾನವೂ ಕಾಪಾಡುವುದಿಲ್ಲ. ಒಂದು ಭಾನುವಾರ ಹಾಗೆ ಮರೆತು, ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿದ ವಾಸನೆಯಿಂದ ನಾನು ಇದನ್ನು ಕಲಿತೆ.

ಇನ್ನು ಹಾಜರಿ ಪುಸ್ತಕದ ಮಾತು. ಕೆಲವು ಬೇಸಿಗೆಗಳ ಹಿಂದೆ ಹದಿನೇಳು ಜನರಿದ್ದ ಒಂದು ಬೆಳಿಗ್ಗೆ ನಾನು ಆ ಅಂಕಿಯನ್ನು ಬೇಸರದಿಂದ ಬರೆಯುತ್ತಿದ್ದಾಗ, ಎಂಬತ್ತು ದಾಟಿದ ಒಬ್ಬ ಅಜ್ಜಿ ಬಳಿ ಬಂದು, "ಯಾರು ಯಾರು ಬಂದಿಲ್ಲ ಅಂತ ಬರೆದುಕೊಂಡೆಯೇನಪ್ಪ?" ಎಂದು ಕೇಳಿದರು. ಬಂದವರನ್ನು ಮಾತ್ರ ಎಣಿಸುವುದೆಂದು ನಾನು ಹೇಳಿದೆ. "ಬಂದವರು ಕಣ್ಣೆದುರಿಗೇ ಇದ್ದೇವಲ್ಲ" ಎಂದು ಅವರು ಹೋಗಿ ಕುಳಿತರು. ಅವರಿಗೆ ಚರಿತ್ರೆ ತಿಳಿದಿತ್ತೋ ಇಲ್ಲವೋ, ಅವರು ಕೇಳಿದ್ದು ಮಾತ್ರ ಹಳೆಯ ಕ್ಲಾಸ್ ಲೀಡರಿನ ಪ್ರಶ್ನೆ. 1742ರಲ್ಲಿ ಬ್ರಿಸ್ಟಲ್‌ನ ಕಟ್ಟಡದ ಸಾಲ ತೀರಿಸಲು ಪ್ರತಿ ಸದಸ್ಯರಿಂದ ವಾರಕ್ಕೊಂದು ಪೆನ್ನಿ ಸಂಗ್ರಹಿಸುವ ಯೋಜನೆ ಬಂದು, ಕ್ಲಾಸ್ ಎಂದು ಕರೆದ ಹನ್ನೆರಡು ಜನರ ಒಂದೊಂದು ಗುಂಪಿಗೆ ಒಬ್ಬ ಲೀಡರಿನಂತೆ ಮನೆಮನೆಗೆ ಹೋಗತೊಡಗಿದರು. ಹಣಕ್ಕೆಂದು ಹೋದವರಿಗೆ ಆ ಮನೆಗಳ ನಿಜಸ್ಥಿತಿ ಕಾಣಿಸಿತು, ಮತ್ತು ತಾವು ಬಹುಕಾಲದಿಂದ ಹುಡುಕುತ್ತಿದ್ದುದು ಇದನ್ನೇ ಎಂದು ವೆಸ್ಲಿಗೆ ಹೊಳೆಯಿತು. ಸಾಲದ ವಸೂಲಿಯೇ ಹೀಗೆ ಆತ್ಮಗಳ ವಿಚಾರಣೆಯಾಗಿ ಬದಲಾಯಿತು.

ಹದಿನೇಳು ಎಂದರೆ ಒಂದೂವರೆ ಕ್ಲಾಸು. ಆ ಗಾತ್ರದಲ್ಲಿ ಯಾರೂ ಯಾರ ಕಣ್ಣನ್ನೂ ತಪ್ಪಿಸಿಕೊಳ್ಳಲಾರರು. ತುಂಬಿದ ಮಂದಿರದಲ್ಲಿ ಮೂರು ವಾರ ಬಾರದವರ ನೆನಪು ನಾಲ್ಕನೆಯ ವಾರಕ್ಕೂ ಬಾರದೆ ಹೋಗಬಹುದು. ಬೇಸಿಗೆಯಲ್ಲಿ ಖಾಲಿಯಾದ ಒಂದು ಬೆಂಚು ಅಲ್ಲಿ ಕೂರುತ್ತಿದ್ದವರ ಹೆಸರನ್ನು ಹೇಳುತ್ತದೆ. ಪ್ರವಾಸ ಹೋದವರ ಬಗ್ಗೆ ನಮಗೆ ಮೊದಲೇ ತಿಳಿದಿರುತ್ತದೆ. ರಜೆಗೆ ಹೋಗುವಷ್ಟು ಅನುಕೂಲವಿಲ್ಲದೆ, ಇಲ್ಲಿಗೆ ಬರುವಷ್ಟು ಆರೋಗ್ಯವೂ ಇಲ್ಲದೆ ಮನೆಯಲ್ಲೇ ಉಳಿದವರು ಯಾರೆಂಬುದು ಆ ಪ್ರವಾಸಿಗರ ಗುಂಪಿನಲ್ಲಿ ಕಲಸಿಹೋಗುತ್ತದೆ, ಮತ್ತು ರಜೆಯ ನೆಪದಲ್ಲಿ ನಾವು ಅವರನ್ನೂ ರಜೆಗೆ ಹೋದವರೆಂದೇ ಭಾವಿಸಿಬಿಡುತ್ತೇವೆ. ಅಂದಿನಿಂದ ಪುಸ್ತಕದ ಬಲಬದಿಯ ಪುಟದಲ್ಲಿ ಬಾರದವರ ಹೆಸರುಗಳನ್ನು ಬರೆಯುತ್ತೇನೆ. ಆರಾಧನೆ ಮುಗಿದ ಮೇಲೆ ಬಂದವರಲ್ಲೇ ಅವನ್ನು ಹಂಚಿಕೊಳ್ಳುತ್ತೇವೆ: ಒಬ್ಬರಿಗೆ ಒಂದೋ ಎರಡೋ ಹೆಸರು, ವಾರದೊಳಗೆ ಒಂದು ಭೇಟಿ ಅಥವಾ ಒಂದು ಫೋನ್ ಕರೆ. ಎಲ್ಲರೂ ಇದನ್ನು ಮೆಚ್ಚಲಿಲ್ಲ. ತಮ್ಮ ಗೈರುಹಾಜರಿಯ ಲೆಕ್ಕ ಇಡುತ್ತಿದ್ದಾರೆಂದು ಒಬ್ಬರು ನೇರವಾಗಿಯೇ ಕೋಪಿಸಿಕೊಂಡರು, ಮತ್ತು ಅವರ ಮಾತಿನಲ್ಲಿ ಸ್ವಲ್ಪ ಹುರುಳಿತ್ತು. ಹಳೆಯ ಕ್ಲಾಸ್ ಪದ್ಧತಿಗೂ ಕಾವಲುಗಾರನ ಮುಖವೊಂದು ಇತ್ತು. ಆದ್ದರಿಂದ ಏಕೆ ಬರಲಿಲ್ಲ ಎಂದು ಕೇಳುವುದಿಲ್ಲ, ಹೇಗಿದ್ದೀರಿ ಎಂದಷ್ಟೇ ಕೇಳುತ್ತೇವೆ.

ಈ ಬೇಸಿಗೆಯಲ್ಲಿ ಆ ಪುಟಕ್ಕೆ ಮತ್ತೊಂದು ತುರ್ತು ಸೇರಿದೆ, ಏಕೆಂದರೆ ನಮ್ಮ ಸಭಾಪಾಲಕರಿಗೆ ವರ್ಗವಾಗಿದೆ. ಬೋಧಕರು ಒಂದೇ ಕಡೆ ಬೇರುಬಿಡಬಾರದೆಂಬ ವೆಸ್ಲಿಯ ಹಟ ಇಂದಿಗೂ ನಮ್ಮಲ್ಲಿ ಉಳಿದಿದೆ. ಅಮೆರಿಕದ ಯುನೈಟೆಡ್ ಮೆಥೋಡಿಸ್ಟ್ ಸಭೆಗಳಲ್ಲಿ ಹೊಸ ನೇಮಕಗಳು ಸಾಮಾನ್ಯವಾಗಿ ಜುಲೈ ಆರಂಭಕ್ಕೆ ಜಾರಿಗೆ ಬಂದರೆ ಬ್ರಿಟನ್ನಿನಲ್ಲಿ ಸಭೆಯ ವರ್ಷವೇ ಸೆಪ್ಟೆಂಬರ್ 1ಕ್ಕೆ ಶುರುವಾಗುತ್ತದೆ. ಹೇಗಿದ್ದರೂ ಪೆಟ್ಟಿಗೆ ಕಟ್ಟುವ ಕೆಲಸ ಬೇಸಿಗೆಯಲ್ಲೇ. ಬೀಳ್ಕೊಡಬೇಕಾದವರಲ್ಲಿ ಅರ್ಧ ಜನ ಊರಲ್ಲಿ ಇರುವುದಿಲ್ಲ, ಸ್ವಾಗತಿಸಬೇಕಾದವರು ಇನ್ನೂ ಹಿಂದಿರುಗಿರುವುದಿಲ್ಲ. ಹೊಸ ಸಭಾಪಾಲಕರಿಗೆ ಮೊದಲ ದಿನ ಏನನ್ನು ಕೊಡಬೇಕೆಂದು ಚರ್ಚೆ ನಡೆದಾಗ ಬೀಗದ ಕೈಗಳು, ಲೆಕ್ಕಪತ್ರ, ಕಟ್ಟಡದ ನಕ್ಷೆ ಎಂದೆಲ್ಲ ಪಟ್ಟಿಯಾಯಿತು. ನಾನು ಬಲಬದಿಯ ಪುಟಗಳನ್ನು ನಕಲು ಮಾಡಿ ಕೊಡುವೆನೆಂದಿದ್ದೇನೆ. ಅದರಲ್ಲಿ ಈಗ ಒಂಬತ್ತು ಹೆಸರುಗಳಿವೆ. ಮೊದಲನೆಯದು ಆ ಅಜ್ಜಿಯದು. ಜೂನ್ ಎರಡನೆಯ ಭಾನುವಾರದಿಂದ ಅವರಿಗೆ ಮೆಟ್ಟಿಲು ಹತ್ತಲಾಗುತ್ತಿಲ್ಲ. ಬರುವ ವಾರ ಆರಾಧನೆ ಹೊರಗೆ, ಮರದ ಕೆಳಗೆ. ಅಲ್ಲಿಗೆ ಮೆಟ್ಟಿಲಿಲ್ಲ. ಅವರ ಕುರ್ಚಿಯನ್ನು ಈ ಸಲ ಬೆಳಿಗ್ಗೆಯೇ ಹಾಕುತ್ತೇನೆ, ನೆರಳು ಎಲ್ಲಿ ಬೀಳುತ್ತದೆಂದು ನೋಡಿಕೊಂಡು.