ನಿನಗೇನನ್ನಿಸುತ್ತೆ?

ಇವತ್ತು ಸಂಜೆ ಅಣ್ಣನ ಮಗಳು ಕೇಳಿದಳು, "ಚಿಕ್ಕಪ್ಪ, ಎಲೆ ಯಾಕೆ ಹಳದಿ ಆಗುತ್ತೆ?"

"ನಿನಗೇನನ್ನಿಸುತ್ತೆ?" ಅಂದೆ.

"ಬಿಸಿಲು ಜಾಸ್ತಿ ಕುಡಿದಿರಬೇಕು."

ಟೊರಾಂಟೊದ ಸಂಶೋಧಕರಾದ ಮಾರ್ಲೀನ್ ಸ್ಕಾರ್ಡಮಾಲಿಯಾ, ಕಾರ್ಲ್ ಬೆರೈಟರ್ ನೆನಪಾದರು. ಇಂಟರ್ನೆಟ್ ಮನೆಮನೆಗೆ ಬರುವ ಮುಂಚೆಯೇ, 1980ರ ದಶಕದಲ್ಲಿ, ತರಗತಿಯ ಮಕ್ಕಳೆಲ್ಲ ಸೇರಿ ಬರೆಯುವಂಥ ಸಾಫ್ಟ್‌ವೇರ್ ಮಾಡಿದವರು. ಮುಂದೆ ಅದೇ ನಾಲೆಡ್ಜ್ ಫೋರಮ್ ಆಯಿತು.

ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದು ಸಣ್ಣ ವಿಷಯ. ಬರೆಯಲು ಕೂತ ಮಗುವಿನ ಮುಂದೆ ಕೆಲವು ಮಾತುಗಳು ಸಿದ್ಧವಾಗಿರುತ್ತವೆ. "ನನ್ನ ಸಿದ್ಧಾಂತ", "ನಾನು ಅರ್ಥ ಮಾಡಿಕೊಳ್ಳಬೇಕಾದದ್ದು", "ಈ ಸಿದ್ಧಾಂತ ಇದನ್ನು ವಿವರಿಸಲಾರದು". ಒಂದನ್ನು ಆರಿಸಿಕೊಂಡು ಮುಂದೆ ಬರೆಯಬೇಕು.

ಅಂದರೆ, ಗೆಳತಿ ಬರೆದದ್ದನ್ನು ಸುಮ್ನೆ "ತಪ್ಪು" ಅಂತ ತಳ್ಳಿಹಾಕುವ ಹಾಗಿಲ್ಲ. ಅದು ಎಲ್ಲಿ ಸಾಲದು ಅಂತ ತೋರಿಸಬೇಕು. ಇನ್ನೊಬ್ಬ ಅಲ್ಲಿಂದಲೇ ಹಿಡಿದು ಇನ್ನಷ್ಟು ಕಟ್ಟುತ್ತಾನೆ. ಒಂದು ಮಗುವಿನ ಊಹೆ ಇಡೀ ತರಗತಿಯ ಕೆಲಸವಾಗುತ್ತದೆ. ಎಷ್ಟು ದೊಡ್ಡ ಗೌರವ ಅಲ್ವಾ ಅದು!

ನಮ್ಮ ಕ್ಲಾಸಿನ ವಾಟ್ಸಾಪ್ ಗುಂಪುಗಳಲ್ಲಿ ಹೋಮ್‌ವರ್ಕ್ ಫೋಟೋಗಳೇ ಜಾಸ್ತಿ. ಒಂದೇ ಉತ್ತರ ಎಲ್ಲರ ನೋಟ್‌ಬುಕ್ಕಿಗೂ ಇಳಿಯುತ್ತದೆ. ಅದೇ ಫೋನಿನಲ್ಲಿ ಮಕ್ಕಳ ಊಹೆಗಳೂ ಓಡಾಡಲಿ ಅಂತ ನನಗೆ ತುಂಬಾ ಆಸೆ.

ಟೀಚರ್ ಗೆಳೆಯರೇ, ನಿಮ್ಮಲ್ಲಿ ಯಾರಾದರೂ ಹೀಗೆ ಮಾಡಿಸಿದ್ದರೆ ದಯವಿಟ್ಟು ಹೇಳಿ.