ಅಜ್ಜನ ಕಟ್ಟೆಯೆದುರು

ನಮ್ಮ ಹಾಸ್ಟೆಲಿನ ಸ್ಟೀಲು ಲೋಟಗಳೆಲ್ಲ ಒಂದೇ ತರ. ಒಂದರ ತಳದಲ್ಲಿ ಮಾತ್ರ ಕೆಂಪು ನೈಲ್ ಪಾಲಿಶಿನ ಚುಕ್ಕೆ. ಅದರಲ್ಲಿ ಕುಡಿಯುತ್ತಿದ್ದವಳು ಮಂಜೇಶ್ವರ ಕಡೆಯ ಹುಡುಗಿ, ಮುಟ್ಟಬಾರದವರೆಂದು ದೂರ ಇಟ್ಟಿದ್ದ ಕೊರಗ ಬುಡಕಟ್ಟಿನವಳು. ಆ ಲೋಟ ಬೇರೆಯವರ ಬಾಯಿಗೆ ಬರಬಾರದೆಂದು ಹಾಕಿದ ಗುರುತು ಅದು. ಅವಳ ಮೈಬಣ್ಣ ಹಿಡಿದು ಕರೆಯುವ ಅಡ್ಡಹೆಸರೂ ಒಂದಿತ್ತು, ಇಲ್ಲಿ ಬರೆಯಲಾರೆ. ಹಾಸ್ಟೆಲಿನ ಉಸ್ತುವಾರಿ ನನ್ನದೇ. ಚುಕ್ಕೆ ಕಣ್ಣಿಗೆ ಬಿದ್ದ ಮೇಲೂ ಎರಡು ವಾರ ಸುಮ್ಮನಿದ್ದೆ. ರಗಳೆ ಯಾಕೆ ಅಂತ. ಈಗ ನೆನೆದರೂ ಸಂಕಟವಾಗುತ್ತದೆ.

ಅದೇ ಹೊತ್ತಿಗೆ ತರಗತಿಯಲ್ಲಿ ಜೇಮ್ಸ್ ಲಾಸನ್ ಪಾಠ ನಡೆಯುತ್ತಿತ್ತು. ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು, ಗಾಂಧೀಜಿಯ ದಾರಿಯನ್ನು ಅರಿತು ಅಮೆರಿಕಕ್ಕೆ ಮರಳಿದ ಮೆಥಡಿಸ್ಟ್ ಕ್ರೈಸ್ತರು. ನ್ಯಾಶ್‌ವಿಲ್ಲಿನಲ್ಲಿ ವಿದ್ಯಾರ್ಥಿಗಳನ್ನು ಚರ್ಚಿನಲ್ಲಿ ಸೇರಿಸಿ, ಬೈದರೂ ಹೊಡೆದರೂ ಕೈಯೆತ್ತದೆ ಕೂರುವುದನ್ನು ಅಭ್ಯಾಸ ಮಾಡಿಸಿದರು. 1960ರ ಫೆಬ್ರವರಿಯಲ್ಲಿ ಆ ಮಕ್ಕಳು, ಕಪ್ಪು ಜನರಿಗೆ ಬಡಿಸದ ಊಟದ ಕಟ್ಟೆಗಳಲ್ಲಿ ಹೋಗಿ ಕೂತರು. ಲಾಸನ್ ದೇವಶಾಸ್ತ್ರ ಓದುತ್ತಿದ್ದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಮಾರ್ಚಿನಲ್ಲಿ ಅವರನ್ನು ಹೊರಹಾಕಿತು. ಇದನ್ನೆಲ್ಲ ಗಂಟಲು ಬಿಚ್ಚಿ ಹೇಳಿ ಹಾಸ್ಟೆಲಿಗೆ ಬಂದರೆ ಮೇಜಿನ ಮೇಲೆ ಅದೇ ಲೋಟ.

ಅಷ್ಟರಲ್ಲಿ, ಚುಕ್ಕೆ ಹಾಕಿದ ಹುಡುಗಿಯ ಬೆಂಡೋಲೆ ಕಳೆಯಿತು. ನಮ್ಮಲ್ಲಿ ಏನು ಕಳೆದರೂ ಕೊರಗಜ್ಜನೆಂಬ ದೈವಕ್ಕೆ ಹರಕೆ. ಮೂರನೇ ದಿನ ಬಟ್ಟೆಯ ಬಕೆಟಿನ ತಳದಲ್ಲಿ ಸಿಕ್ಕಿತು. "ಟೀಚರ್, ಅಜ್ಜನಿಗೆ ಚಕ್ಕುಲಿ, ವೀಳ್ಯ ಕೊಡ್ಲಿಕ್ಕುಂಟು, ಒಟ್ಟಿಗೆ ಬನ್ನಿ" ಅಂದಳು. ನಾನೂ ನಂಬುವವಳೇ, ಬೆಳಿಗ್ಗೆ ಹೋದೆ. ಎಲೆಯ ಮೇಲೆ ಚಕ್ಕುಲಿ ಮುರಿಯದಂತೆ ಎಷ್ಟು ಜೋಪಾನವಾಗಿ ಇಟ್ಟಳು!

"ಅಜ್ಜ ಯಾರ ಪೈಕಿ, ಮಗಾ?" ಅಂದೆ.

ಅವಳಿಗೆ ಗೊತ್ತು. ದೈವವಾಗುವ ಮುಂಚೆ ಅಜ್ಜ ತನಿಯನೆಂಬ ಕೊರಗರ ಹುಡುಗ; ದೇವಸ್ಥಾನಕ್ಕೆ ಹೊರೆ ಹೊರಲು ತನಿಯ ಬೇಕು, ಒಳಗೆ ಮಾತ್ರ ಬರಬಾರದು ಎಂಬ ಕತೆಯನ್ನು ಅಜ್ಜಿಯಿಂದ ಕೇಳಿಯೇ ಬೆಳೆದವಳು.

"ಆ ತನಿಯ ಇವತ್ತು ಹಾಸ್ಟೆಲಿಗೆ ಬಂದರೆ ಯಾವ ಲೋಟದಲ್ಲಿ ನೀರು ಕೊಡ್ತೀ?"

ಮುಗಿದ ಕೈ ಹಾಗೇ ಇತ್ತು. ಗಲ್ಲದ ಮೇಲೆ ನೀರು ಇಳಿಯಿತು.

ಭಕ್ತಿ ಇದ್ದಲ್ಲಿ ಭೇದ ತಾನಾಗಿ ಹೋಗುತ್ತದೆಂದು ನಾನು ಹೇಳಲಾರೆ. ಅಜ್ಜನಿಗೆ ಅಗೆಲು, ಅಂದರೆ ದೈವದ ಎಡೆ, ಬಡಿಸಿದ ಈ ತುಳುನಾಡಿನಲ್ಲೇ, ಅಜ್ಜನ ಕುಲದವರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲು ಎಂಬ ಪದ್ಧತಿ ಇತ್ತು. ಗಡಿಯಾಚೆ ಕರ್ನಾಟಕದಲ್ಲಿ ಅದನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ. ಆದರೆ ನಾನು ಕಾನೂನಿನ ಮಾತು ತೆಗೆದಿದ್ದರೆ ಆ ಹುಡುಗಿ ಹೆದರಿ ಏನಾದರೊಂದು ನೆಪ ಹೇಳುತ್ತಿದ್ದಳು. ಅಜ್ಜನೆದುರು ಅವಳಿಂದ ಸುಳ್ಳು ಹೇಳಲಾಗಲಿಲ್ಲ. ನನ್ನಿಂದಲೂ.

ಸಂಜೆ ಚುಕ್ಕೆ ಕೆರೆದುಹೋಗಿತ್ತು. ಉಗುರಿನ ಗೀರು ಮಾತ್ರ ಉಳಿದಿತ್ತು. ನಾನು ಆ ಮಂಜೇಶ್ವರದ ಹುಡುಗಿಯ ಕೋಣೆಗೆ ಹೋಗಿ, ಎರಡು ವಾರದಿಂದ ನೋಡಿಯೂ ಸುಮ್ಮನಿದ್ದೆ, ತಪ್ಪಾಯ್ತು ಅಂದೆ. ಅವಳು ಪುಸ್ತಕ ಮಡಚಿಟ್ಟಳು.

"ನೀವು ನೋಡಿದ್ದು ನನಗೆ ಗೊತ್ತಿತ್ತು ಟೀಚರ್."