ಏಳು ಕಾಲು, ಏಳೂಕಾಲು

ಪ್ರಾಥಮಿಕ ತರಗತಿಗಳಿಗೆ ಗಣಿತ ಕಲಿಸಲು ಆರಂಭಿಸಿದ ಮೊದಲ ಕೆಲವು ವರ್ಷ ವಿಷಮ ಭಿನ್ನರಾಶಿಯ (7/4ರ ಹಾಗೆ, ಮೇಲಿನ ಸಂಖ್ಯೆಯಾದ ಅಂಶ ಕೆಳಗಿನ ಸಂಖ್ಯೆಯಾದ ಛೇದದಷ್ಟೇ ಅಥವಾ ಅದಕ್ಕಿಂತ ದೊಡ್ಡದಾಗಿರುವ ಭಿನ್ನರಾಶಿಯ) ಪಾಠವನ್ನು ನಾನು ಎರಡೇ ಅವಧಿಗಳಲ್ಲಿ ಮುಗಿಸುತ್ತಿದ್ದೆ. ಮೊದಲ ದಿನ ‘ಅಂಶವನ್ನು ಛೇದದಿಂದ ಭಾಗಿಸಿ, ಭಾಗಲಬ್ಧವನ್ನು ಎಡಕ್ಕೆ, ಶೇಷವನ್ನು ಮೇಲೆ ಬರೆಯಿರಿ’ ಎಂದು ಹೇಳಿಕೊಡುತ್ತಿದ್ದೆ. ಮರುದಿನ ‘ಪೂರ್ಣಸಂಖ್ಯೆಯನ್ನು ಛೇದದಿಂದ ಗುಣಿಸಿ, ಅಂಶವನ್ನು ಕೂಡಿಸಿ’ ಎನ್ನುತ್ತಿದ್ದೆ. ಹತ್ತು ಲೆಕ್ಕ ಕೊಟ್ಟರೆ ಎಂಟು ಸರಿ ಬರುತ್ತಿದ್ದವು. ಮಕ್ಕಳಿಗೆ ತಿಳಿದಿದೆ ಎಂದೇ ನಂಬಿದ್ದೆ.

ಆ ನಂಬಿಕೆ ಕದಲಿದ್ದು ಒಂದು ಚಿತ್ರದಿಂದ. ಒಂದೇ ಅಳತೆಯ ಎರಡು ಪಟ್ಟಿಗಳನ್ನು ಬೋರ್ಡಿನ ಮೇಲೆ ಬಿಡಿಸಿ, ಪ್ರತಿಯೊಂದನ್ನೂ ನಾಲ್ಕು ಸಮಭಾಗ ಮಾಡಿ, ಏಳು ಮನೆಗಳಿಗೆ ಬಣ್ಣ ತುಂಬಿದೆ. ಬಣ್ಣ ಹಚ್ಚಿದ ಭಾಗ ಎಷ್ಟು ಎಂದು ಕೇಳಿದೆ. ತರಗತಿಯ ಬಹುಪಾಲು ಮಕ್ಕಳು ‘ಎಂಟರಲ್ಲಿ ಏಳು’ ಎಂದರು. ಹಿಂದಿನ ದಿನವಷ್ಟೇ 7/4ನ್ನು 1¾ ಎಂದು ತಡವರಿಸದೆ ಬದಲಿಸಿದ್ದ ಹುಡುಗಿಯೂ 7/8 ಎಂದೇ ಬರೆದಿದ್ದಳು. ಇದು 7/4 ಎಂದು ನಾನು ಹೇಳಿದಾಗ ಅವಳು ಎದ್ದು ನಿಂತು, ‘ಟೀಚರ್, ನಾಲ್ಕು ಭಾಗಗಳಲ್ಲಿ ಏಳನ್ನು ತೆಗೆದುಕೊಳ್ಳುವುದು ಹೇಗೆ?’ ಎಂದು ಕೇಳಿದಳು.

ಅವಳು ಕೇಳಿದ್ದು ನೂರಕ್ಕೆ ನೂರು ಸರಿ. 3/4 ಎಂದರೆ ‘ನಾಲ್ಕರಲ್ಲಿ ಮೂರು’ ಎಂದು ಅವಳಿಗೆ ಹೇಳಿಕೊಟ್ಟವಳು ನಾನೇ. ಅಂಶ ಚಿಕ್ಕದಾಗಿರುವ ತನಕ ಈ ಓದು ನಡೆಯುತ್ತದೆ. ಅಂಶ ಛೇದವನ್ನು ದಾಟಿದ ಕೂಡಲೇ ಅದಕ್ಕೆ ಅರ್ಥವೇ ಉಳಿಯುವುದಿಲ್ಲ. ನಾಲ್ಕು ತುಂಡುಗಳಿಂದ ಏಳು ತುಂಡುಗಳನ್ನು ಯಾರೂ ತೆಗೆಯಲಾರರು. ಹಾಗಾಗಿ ಮಕ್ಕಳು ತಮಗೆ ಅರ್ಥವಾಗುವಂತೆ ಎರಡೂ ಪಟ್ಟಿಗಳನ್ನು ಸೇರಿಸಿ ಎಂಟು ಮನೆ ಎಂದು ಎಣಿಸಿಕೊಳ್ಳುತ್ತಾರೆ. ಆ ಚಿತ್ರದಲ್ಲಿ ‘ಒಂದು’ ಯಾವುದು ಎಂದು ನಾನು ಹೇಳಿಯೇ ಇರಲಿಲ್ಲ. ಎರಡು ಪಟ್ಟಿಗಳು ಸೇರಿ ಒಂದು ಎಂದುಕೊಂಡರೆ ಬಣ್ಣದ ಭಾಗ 7/8. ಒಂದು ಪಟ್ಟಿಯನ್ನೇ ಒಂದು ಎಂದುಕೊಂಡರೆ 7/4. ಅಂದಿನಿಂದ ಬೋರ್ಡಿನ ಮೂಲೆಯಲ್ಲಿ ಇಡೀ ಪಟ್ಟಿಯೊಂದನ್ನು ಬಿಡಿಸಿ, ಅದರ ಕೆಳಗೆ ‘ಇದು 1’ ಎಂದು ಬರೆಯದೆ ಭಿನ್ನರಾಶಿಯ ಯಾವ ಚಿತ್ರವನ್ನೂ ನಾನು ಆರಂಭಿಸುವುದಿಲ್ಲ. ಅವಧಿ ಮುಗಿಯುವ ತನಕ ಅದನ್ನು ಅಳಿಸುವುದೂ ಇಲ್ಲ.

ಓದುವ ರೀತಿಯನ್ನೂ ಬದಲಿಸಿದೆ. ಅದಕ್ಕೆ ದಾರಿ ನಮ್ಮ ಮಾತಿನಲ್ಲೇ ಇತ್ತು. ‘ಮುಕ್ಕಾಲು’ ಎಂಬ ಪದವನ್ನು ಬಿಡಿಸಿದರೆ ಮೂರು ಕಾಲು. ಕಾಲು ಎನ್ನುವುದು ಕಡ್ಡಿ, ಮಣಿಗಳಂತೆ ಎಣಿಸಬಹುದಾದದ್ದು ಎಂದು ಆ ಪದವೇ ಹೇಳುತ್ತಿದೆ. ಈಗ ನಾವು ಒಟ್ಟಾಗಿ ಎಣಿಸುತ್ತೇವೆ: ಒಂದು ಕಾಲು, ಎರಡು ಕಾಲು, ಮೂರು ಕಾಲು, ನಾಲ್ಕು ಕಾಲು, ಐದು ಕಾಲು. ನಾಲ್ಕಕ್ಕೆ ಬಂದಾಗ ಯಾರೂ ನಿಲ್ಲುವುದಿಲ್ಲ, ನಿಲ್ಲಲು ಕಾರಣವೂ ಇಲ್ಲ. ಆಮೇಲೆ ಅದನ್ನೇ ಇನ್ನೊಂದು ಬಗೆಯಲ್ಲಿ ಎಣಿಸುತ್ತೇವೆ: ಕಾಲು, ಅರ್ಧ, ಮುಕ್ಕಾಲು, ಒಂದು, ಒಂದೂಕಾಲು, ಒಂದೂವರೆ, ಒಂದೂಮುಕ್ಕಾಲು, ಎರಡು. ಕೊನೆಗೆ ತರಗತಿಯನ್ನು ಎರಡು ಗುಂಪು ಮಾಡುತ್ತೇನೆ. ಈ ಕಡೆಯವರು ‘ಏಳು ಕಾಲು’ ಎಂದರೆ ಆ ಕಡೆಯವರು ‘ಒಂದೂಮುಕ್ಕಾಲು’ ಎನ್ನಬೇಕು. ವಿಷಮ, ಮಿಶ್ರ ಎಂಬ ಪದಗಳು ಇನ್ನೂ ಬೋರ್ಡಿಗೆ ಬಂದಿರುವುದಿಲ್ಲ, ಮಕ್ಕಳು ಆಗಲೇ ಒಂದನ್ನು ಇನ್ನೊಂದಾಗಿ ಬದಲಿಸುತ್ತಿರುತ್ತಾರೆ.

ಇದರಲ್ಲಿ ಒಂದು ತೊಡಕೂ ಎದುರಾಯಿತು. ‘ಏಳು ಕಾಲು’ ಎಂದು ಹೇಳಿ ಬರೆಸಿದಾಗ ಹಲವರು 7¼ ಬರೆದರು. ಏಳು ಕಾಲು ಎಂದರೆ 7/4, ಏಳೂಕಾಲು ಎಂದರೆ 7¼. ಕಿವಿಗೆ ಕೇಳುವ ವ್ಯತ್ಯಾಸ ಒಂದು ದೀರ್ಘ ಮಾತ್ರ. ಆದರೆ ಆ ದೀರ್ಘದಲ್ಲೇ ಇಡೀ ಪಾಠವಿದೆ. ಏಳೂಕಾಲಿನ ‘ಊ’ ಕೂಡುವ ಚಿಹ್ನೆಯ ಕೆಲಸ ಮಾಡುತ್ತಿದೆ: ಏಳೂ ಹೌದು, ಕಾಲೂ ಹೌದು. ಏಳು ಕಾಲು ಎಂದಾಗಲಾದರೋ ಕಾಲನ್ನು ಏಳು ಬಾರಿ ತೆಗೆದುಕೊಂಡಿದ್ದೇವೆ, ಅಂದರೆ 7 × 1/4. ಅಂಕಿಗಳಲ್ಲಿ 7¼ ಎಂದು ಒತ್ತಾಗಿ ಬರೆದಾಗ ಆ ಕೂಡುವ ಚಿಹ್ನೆ ಕಣ್ಣಿಗೆ ಬೀಳುವುದಿಲ್ಲ. ಮುಂದಿನ ತರಗತಿಗಳ ಬೀಜಗಣಿತದಲ್ಲಿ ಅಕ್ಕಪಕ್ಕ ಬರೆದರೆ ಗುಣಾಕಾರ ಎಂದು ಬೇರೆ ಕಲಿಯಬೇಕಾಗುತ್ತದೆ. ಆದ್ದರಿಂದ ಮೊದಲ ಒಂದು ವಾರ ಮಿಶ್ರ ಭಿನ್ನರಾಶಿಯನ್ನು 7 + 1/4 ಎಂದೇ ಬರೆಸುತ್ತೇನೆ. ಪುಸ್ತಕದ ರೂಪಕ್ಕೆ ಬರಲು ತಡವಾದರೂ ಚಿಂತೆಯಿಲ್ಲ.

ಪದಗಳ ವಿಷಯ ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. 8/4 ಯಾವ ಭಿನ್ನರಾಶಿ ಎಂದು ಕೇಳಿದರೆ ‘ಸಮ’ ಎನ್ನುವ ಮಕ್ಕಳಿದ್ದಾರೆ. ಎಂಟೂ ಸಮಸಂಖ್ಯೆ, ನಾಲ್ಕೂ ಸಮಸಂಖ್ಯೆ ಎಂಬುದು ಅವರ ತರ್ಕ. ಅಂಶ ಛೇದಕ್ಕಿಂತ ಚಿಕ್ಕದಾಗಿದ್ದರೆ ಮಾತ್ರ ಸಮ ಭಿನ್ನರಾಶಿ, ಹಾಗಾಗಿ 8/4 ವಿಷಮ; ಸಮಸಂಖ್ಯೆಯ ‘ಸಮ’ ಬೇರೆ, ಇಲ್ಲಿನ ‘ಸಮ’ ಬೇರೆ ಎಂದು ಮೊದಲ ದಿನವೇ ಬಾಯಿಬಿಟ್ಟು ಹೇಳಬೇಕು.

ಇಷ್ಟೆಲ್ಲ ಆದ ಮೇಲೆಯೇ ನಿಯಮ. ನಿಯಮದ ಮೇಲೆ ನನಗೆ ದೂರಿಲ್ಲ. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯರೂ ಪೂರ್ಣಸಂಖ್ಯೆಯನ್ನು ಛೇದದಿಂದ ಗುಣಿಸಿ ಅಂಶವನ್ನು ಕೂಡಿಸುವ ಇದೇ ಕ್ರಮವನ್ನು ಹೇಳಿದ್ದಾರೆ. ಛೇದ ಎಂಬ ಪದವೂ ಅಲ್ಲಿದೆ. ಛೇದ ಎಂದರೆ ಕತ್ತರಿಸುವುದು. ‘ಒಂದನ್ನು ಎಷ್ಟಾಗಿ ಕತ್ತರಿಸಿದ್ದೇವೆ?’ ಎಂದು ಕೇಳಿದರೆ ಮಕ್ಕಳು ಛೇದವನ್ನು ತೋರಿಸುತ್ತಾರೆ. 17/5ನ್ನು ಬದಲಿಸುವಾಗ 3 ಭಾಗಲಬ್ಧ, 2 ಶೇಷ ಎಂದು ಸರಿಯಾಗಿ ಭಾಗಿಸಿ, ಉತ್ತರದಲ್ಲಿ 3 + 2/17 ಎಂದು ಬರೆದ ಹುಡುಗನ ಪುಸ್ತಕ ಕೈಯಲ್ಲಿ ಹಿಡಿದು ಇಷ್ಟೇ ಕೇಳಿದೆ: ‘ಉಳಿದ ಈ ಎರಡು ಎಂಥ ತುಂಡುಗಳು?’ ಅವನು ಸ್ವಲ್ಪ ಹೊತ್ತು ಪಟ್ಟಿಗಳನ್ನು ನೋಡಿ ‘ಐದರ ತುಂಡುಗಳು’ ಎಂದ, 17ನ್ನು ತಾನೇ ಹೊಡೆದು 5 ಬರೆದ. (‘ಐದನೇ ತುಂಡು’ ಎಂದರೆ ಸಾಲಿನಲ್ಲಿ ಐದನೆಯದು ಎಂದು ಮಕ್ಕಳು ತಿಳಿಯುತ್ತಾರೆ. ಹಾಗಾಗಿ ನಮ್ಮ ತರಗತಿಯಲ್ಲಿ ‘ಐದರ ತುಂಡು’ ಎಂದೇ ಹೇಳುವುದು ರೂಢಿ.)

ತಿರುಗಿ ಬರುವ ದಾರಿಯಲ್ಲಿ ಆಗುವ ತಪ್ಪು ಬೇರೆ. 3⅖ನ್ನು ಬದಲಿಸುವಾಗ ಯಾವುದನ್ನು ಗುಣಿಸಬೇಕು, ಯಾವುದನ್ನು ಕೂಡಿಸಬೇಕು ಎಂಬುದು ಅದಲುಬದಲಾಗಿ, ಮೂರೆರಡಲಿ ಆರು, ಐದು ಕೂಡಿಸಿದರೆ ಹನ್ನೊಂದು, ಉತ್ತರ 11/5 ಎಂದು ಬರೆಯುತ್ತಾರೆ. ಇದಕ್ಕೆ ನಿಯಮವನ್ನು ಮತ್ತೆ ಉರು ಹೊಡೆಸಿ ಪ್ರಯೋಜನವಿಲ್ಲ. 10/5 ಎಂದರೆ ಎರಡು, ಹಾಗಾದರೆ 11/5 ಎರಡಕ್ಕಿಂತ ಒಂದು ತುಂಡು ಮಾತ್ರ ಹೆಚ್ಚು; ಮೂರನ್ನು ದಾಟಿದ ಸಂಖ್ಯೆ ಅಲ್ಲಿಗೆ ಹೇಗೆ ಇಳಿಯಿತು? ಈಗ ಪ್ರತಿ ಲೆಕ್ಕಕ್ಕೂ ಮೊದಲು, ಉತ್ತರ ಸಂಖ್ಯಾರೇಖೆಯ ಯಾವ ಎರಡು ಪೂರ್ಣಸಂಖ್ಯೆಗಳ ನಡುವೆ ಬರುತ್ತದೆ ಎಂದು ಬೆರಳಿಟ್ಟು ತೋರಿಸಲು ಹೇಳುತ್ತೇನೆ. ಬದಲಿಸುವ ಮೊದಲು ಬೆರಳು ಎಲ್ಲಿತ್ತೋ ಬದಲಿಸಿದ ಮೇಲೂ ಅಲ್ಲೇ ಇರಬೇಕು. ಹೆಸರು ಬದಲಾಗಿದೆ, ಸಂಖ್ಯೆ ಅದೇ.

ಅದೇ ವರ್ಷ, ಕೆಲವು ವಾರಗಳ ನಂತರ ವ್ಯವಕಲನ ಬಂತು. 4⅖ರಿಂದ 1⅘ ಕಳೆಯಬೇಕಿತ್ತು. ಎರಡು ತುಂಡುಗಳಿಂದ ನಾಲ್ಕು ತುಂಡು ಕಳೆಯಲು ಬರುವುದಿಲ್ಲವೆಂದು ಹೆಚ್ಚಿನವರು ಎರಡನ್ನೂ ವಿಷಮ ಭಿನ್ನರಾಶಿ ಮಾಡಲು ಹೊರಟರು. ಅದೂ ಸರಿಯಾದ ದಾರಿಯೇ. ಅಂದು ಎದ್ದು ನಿಂತು ಪ್ರಶ್ನೆ ಕೇಳಿದ್ದ ಹುಡುಗಿ ಮಾತ್ರ 3 + 7/5 ಎಂದು ಬರೆದುಕೊಂಡಳು. ಪಕ್ಕದಲ್ಲಿದ್ದವನು ‘ಅಂಶ ದೊಡ್ಡದಾಯಿತು, ಇದು ತಪ್ಪು’ ಎಂದು ಪಿಸುಗುಟ್ಟಿದ. ‘ನಾಲ್ಕರಲ್ಲಿ ಒಂದನ್ನು ಐದು ತುಂಡು ಮಾಡಿಕೊಂಡಿದ್ದೇನೆ, ಇರು’ ಎಂದವಳೇ ಮೂರರಿಂದ ಒಂದನ್ನೂ ಏಳು ತುಂಡುಗಳಿಂದ ನಾಲ್ಕನ್ನೂ ಕಳೆದು, 2⅗ ಎಂದು ಬರೆದು ಪುಸ್ತಕವನ್ನು ಅವನ ಕಡೆಗೆ ತಿರುಗಿಸಿದಳು.